ಹಳೇ ಮೆಕ್ಯಾನಿಕಲ್ ಕ್ಯಾಮೆರಾ: ಹೆಸರು ಆಮೇಲೆ, ಮೊದಲು ಪೀಸ್ ನೋಡಿ

ಈಗೀಗ ನಮ್ಮ ಕೊಪ್ಪಳ, ಗಂಗಾವತಿ ಕಡೆಯ ಹುಡುಗರಿಗೂ ಫಿಲ್ಮ್ ಕ್ಯಾಮೆರಾದ ಹುಚ್ಚು ಹಿಡಿದಿದೆ. "ಸರ್, ನಿಕಾನ್ ತಗೊಳ್ಳಲೋ, ಪೆಂಟಾಕ್ಸ್ ತಗೊಳ್ಳಲೋ?" ಅಂತ ಮೆಸೇಜ್ ಬರುತ್ತಲೇ ಇರುತ್ತವೆ. ನನ್ನ ಉತ್ತರ ಯಾರಿಗೂ ಅಷ್ಟಾಗಿ ಇಷ್ಟ ಆಗಲ್ಲ. ನಲವತ್ತು-ಐವತ್ತು ವರ್ಷದ ಯಂತ್ರಕ್ಕೆ ಹೆಸರಿಗಿಂತ ಅದರ ಜಾತಕ ಮುಖ್ಯ. ಎಲ್ಲಿತ್ತು, ಯಾರು ಹೇಗೆ ಇಟ್ಟಿದ್ದರು, ಕೊನೆಗೆ ಯಾವಾಗ ಶಟರ್ ಒತ್ತಿದರು? ಒಳ್ಳೆ ಸ್ಥಿತಿಯ ಸಾಧಾರಣ ಕ್ಯಾಮೆರಾ, ಕೆಟ್ಟು ಕೂತ ದೊಡ್ಡ ಹೆಸರಿಗಿಂತ ಎಷ್ಟೋ ಮೇಲು.

ಮೊದಲು ಒಂದು ಗೊಂದಲ ಬಗೆಹರಿಸೋಣ. ಹಳೇದೆಲ್ಲ ಮೆಕ್ಯಾನಿಕಲ್ ಅಲ್ಲ. ಪೆಂಟಾಕ್ಸ್ ಕೆ1000 ಮತ್ತು ಕ್ಯಾನನ್ ಎಇ-1 ಎರಡೂ 1976ರಲ್ಲಿ ಬಂದವು. ನೋಡಲು ಅಣ್ಣತಮ್ಮಂದಿರ ಹಾಗಿವೆ. ಆದರೆ ಎಇ-1ರಲ್ಲಿ ಬ್ಯಾಟರಿ ಸತ್ತರೆ ಶಟರ್ ಕದಲುವುದೇ ಇಲ್ಲ. ಕೆ1000ದಲ್ಲಿ ಶಟರ್ ಓಡುವುದು ಸ್ಪ್ರಿಂಗು, ಗೇರುಗಳ ಮೇಲೆ; ಬ್ಯಾಟರಿ ಬೇಕಾಗುವುದು ಬೆಳಕು ಅಳೆಯುವ ಮೀಟರ್‌ಗೆ ಮಾತ್ರ. ರೀಲ್ಸ್‌ನಲ್ಲಿ ಎಇ-1 ಜಾಸ್ತಿ ಕಾಣುತ್ತದೆ ಅಂತ ಅದರ ಹಿಂದೆ ಬೀಳಬೇಡಿ. ಅದರ ಸರ್ಕ್ಯೂಟ್ ಹೋದರೆ ಇನ್ನೊಂದು ಎಇ-1 ಬಿಚ್ಚಿ ಭಾಗ ತೆಗೆಯಬೇಕಾಗುತ್ತದೆ. ಗೇರು, ಸ್ಪ್ರಿಂಗಿನದ್ದಾದರೆ ಕೈಚಳಕ ಇರುವ ಮೆಕ್ಯಾನಿಕ್ ಒಬ್ಬ ಸಿಕ್ಕರೂ ಸಾಕು.

ಇನ್ನು ಪರೀಕ್ಷೆ. ಮಾರುವವರು ಸಾಮಾನ್ಯವಾಗಿ ಶಟರ್ ವೇಗವನ್ನು ಸೆಕೆಂಡಿನ 1/125ಕ್ಕೋ 1/250ಕ್ಕೋ ಇಟ್ಟು ಟಕ್ ಅನ್ನಿಸಿ, "ಚಾಲೂ ಐತಿ ನೋಡ್ರಿ ಸರ" ಅಂದುಬಿಡುತ್ತಾರೆ. ಅಲ್ಲಿಗೇ ಖುಷಿಯಾಗಬೇಡಿ. ಡಯಲ್ ಅನ್ನು 1 ಸೆಕೆಂಡಿಗೆ ತನ್ನಿ. ಒಳಗಿನ ಗೇರು ಒಂದೇ ಸಮ ಕರ್ರ್ ಅನ್ನಬೇಕು. ನಡುವೆ ತಡವರಿಸಿದರೆ, ಇಲ್ಲವೇ ಶಟರ್ ತೆರೆದೇ ನಿಂತರೆ ಗ್ರೀಸ್ ಒಣಗಿದೆ ಅಂತ ಅರ್ಥ. ಆಮೇಲೆ ಹಿಂದಿನ ಬಾಗಿಲು ತೆಗೆದು, ಲೆನ್ಸ್ ಬಿಚ್ಚಿ, ಬೆಳಕಿನ ಕಡೆ ಹಿಡಿದು 1/1000ಕ್ಕೆ ಒತ್ತಿ. ಒಂದು ಪಕ್ಕ ಕಪ್ಪಾಗಿ ಉಳಿದರೆ ಶಟರಿನ ಎರಡು ಪರದೆಗಳ ಓಟ ಹೊಂದುತ್ತಿಲ್ಲ. ಬಾಗಿಲಂಚಿನ ಕಪ್ಪು ಫೋಮ್ ಕರಗಿ ಬೆರಳಿಗೆ ಅಂಟಿದರೆ ಮಾತ್ರ ಹೆದರಬೇಡಿ. ಅದು ಕಡಿಮೆ ಖರ್ಚಿನ ಕೆಲಸ. ಚೌಕಾಸಿ ಮಾಡಲು ಒಳ್ಳೆ ನೆಪ ಕೂಡ.

ಲೆನ್ಸ್ ವಿಷಯದಲ್ಲಿ ನಮ್ಮ ಸೀಮೆಗೆ ಬೇರೆಯೇ ತಾಪತ್ರಯ. ರಣಬಿಸಿಲಿಗೆ ಕಾದ ಬೀರುವಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದರೆ ಗ್ರೀಸ್ ತೆಳುವಾಗಿ ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಸಳುಗಳಿಗೆ ಎಣ್ಣೆ ಹರಿದಿರುತ್ತದೆ. ಎಸಳುಗಳು ಚಟ್ಟನೆ ಮುಚ್ಚಬೇಕು. ನಿಧಾನಕ್ಕೆ ಮುಚ್ಚಿದರೆ ಬೇಡ. ಬಳ್ಳಾರಿ, ಸಂಡೂರು ಕಡೆಯ ಕೆಂಧೂಳು ತಿಂದ ಲೆನ್ಸ್ ಆದರೆ ಫೋಕಸ್ ರಿಂಗ್ ತಿರುಗಿಸಿದಾಗ ಕರಕರ ಅನ್ನುತ್ತದೆ. ಫಂಗಸ್ ಕಾಟ ಒಣ ಹವೆಯ ನಮ್ಮಲ್ಲಿ ಕರಾವಳಿಯಷ್ಟಿಲ್ಲ. ಆದರೆ ಆನ್‌ಲೈನ್‌ನಲ್ಲಿ ತರಿಸುವ ಲೆನ್ಸ್ ಎಲ್ಲಿಯದೋ ಯಾರಿಗೆ ಗೊತ್ತು? ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂಥ ಎಳೆ ಕಂಡರೆ ಅದೇ ಫಂಗಸ್. ಚರ್ಮದ ಕವರ್ ಸಮೇತ ಕೊಡುತ್ತೇವೆ ಅಂದರೆ ಕ್ಯಾಮೆರಾ ತಗೊಂಡು ಕವರ್ ಅಲ್ಲೇ ಬಿಟ್ಟು ಬನ್ನಿ. ತೇವ ಹಿಡಿದಿಟ್ಟುಕೊಳ್ಳುವುದರಲ್ಲಿ ಅದಕ್ಕೆ ಸಾಟಿ ಇಲ್ಲ.

ಸರಿ, ಹೆಸರು ಬೇಕೇ ಬೇಕು ಅಂದರೆ: ಮೊದಲನೆಯದಕ್ಕೆ ಕೆ1000, ಇಲ್ಲವೇ 1977ರ ನಿಕಾನ್ ಎಫ್‌ಎಂ. 1982ರ ಎಫ್‌ಎಂ2ನಲ್ಲಿ 1/4000 ವೇಗ ಇದೆ, ಗಟ್ಟಿಮುಟ್ಟು ಕ್ಯಾಮೆರಾ, ನಿಜ. ಬೆಲೆಯೂ ಹಾಗೇ ಇದೆ. ಎಫ್‌ಎಂಗೆ ಇನ್ನೊಂದು ಅನುಕೂಲ: 1977ಕ್ಕಿಂತ ಹಿಂದಿನ ನಿಕಾನ್ ಲೆನ್ಸುಗಳೂ ಕೂರುತ್ತವೆ. ಎಫ್‌ಎಂ2ಗೆ ಅವನ್ನು ಮಾರ್ಪಾಡು ಮಾಡದೆ ಹಾಕಬಾರದು. ಒಲಿಂಪಸ್ ಓಎಂ-1 ಚಂದದ ಕ್ಯಾಮೆರಾ, ಆದರೆ ಅದರ ಮೀಟರ್ 1.35 ವೋಲ್ಟಿನ ಪಾದರಸದ ಬ್ಯಾಟರಿಗೆ ಮಾಡಿದ್ದು. ಅದು ಈಗ ಬರುವುದಿಲ್ಲ. ಕಿವಿ ಮೆಷಿನ್ನಿಗೆ ಹಾಕುವ 675 ಬ್ಯಾಟರಿಯಲ್ಲಿ ಕೆಲಸ ನಡೆಸಬಹುದು.

ಲೆನ್ಸಿಗೆ ಬಂದರೆ ನನ್ನದು ಹಟ: 50 ಎಂಎಂ, ಎಫ್/1.8 ಇಲ್ಲವೇ ಎಫ್/2, ಅಷ್ಟೇ. ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಜಾಸ್ತಿ. ಎಫ್/1.2 ಅಂತ ದುಡ್ಡು ಸುರಿಯುವವರನ್ನು ಕಂಡರೆ ಸುಮ್ನೆ ನಗು ಬರುತ್ತದೆ. ನಮ್ಮ ಬಿಸಿಲಿನಲ್ಲಿ 100ರ ಫಿಲ್ಮ್ (ಇದು ಬೆಳಕಿಗೆ ಸ್ಪಂದಿಸುವ ಅಳತೆ, ಐಎಸ್‌ಒ) ಹಾಕಿದರೆ 1/125ಕ್ಕೆ ಎಫ್/16. ಮೀಟರ್ ಸತ್ತಿದ್ದರೂ ಈ ಲೆಕ್ಕ ಕೈ ಹಿಡಿಯುತ್ತದೆ. ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ ನೋಡಿ. 1112ರ ಗುಡಿ, ಹೊರಗಿನ ಕೆತ್ತನೆಗೆ ಬೆಳಗಿನ ಓರೆ ಬಿಸಿಲೇ ಬೇಕು. ಒಳಗಿನ ಕತ್ತಲಲ್ಲಿ ಕಡೆದ ಕಂಬಗಳ ನುಣುಪು ಹಿಡಿಯಲು 400ರ ಫಿಲ್ಮ್, ಎಫ್/2, 1/30 ಇಟ್ಟು, ಉಸಿರು ಹಿಡಿದು ಒತ್ತಿದರಾಯಿತು. ಆದರೆ ಇಡೀ ಗುಡಿ ಒಂದೇ ಚಿತ್ರದಲ್ಲಿ ಬೇಕು ಅಂದರೆ 50ರಲ್ಲಿ ಬಹಳ ಹಿಂದೆ ಸರಿಯಬೇಕಾಗುತ್ತದೆ. ಆಗ ಬೇಕಾದರೆ ಹೆಚ್ಚು ಅಗಲ ಹಿಡಿಯುವ 28 ಎಂಎಂ ಲೆನ್ಸ್ ಕೊಳ್ಳಿ, ಮೊದಲೇ ಬೇಡ.

ಉಳಿಸಿದ ದುಡ್ಡು ಫಿಲ್ಮಿಗೆ ಬೇಕು. ಕಲರ್ ರೋಲ್, ಡೆವಲಪಿಂಗ್, ಸ್ಕ್ಯಾನಿಂಗ್, ಬೆಂಗಳೂರಿಗೆ ಕೊರಿಯರ್ ಎಲ್ಲ ಸೇರಿ 36 ಫೋಟೋಗೆ ಸಾವಿರ ರೂಪಾಯಿ ಆರಾಮಾಗಿ ದಾಟುತ್ತದೆ. ಕಪ್ಪು-ಬಿಳುಪು ಮನೆಯಲ್ಲೇ ತೊಳೆಯಬಹುದು. ಆದರೆ ಡೆವಲಪರ್ (ಚಿತ್ರ ಮೂಡಿಸುವ ರಾಸಾಯನಿಕ) 20 ಡಿಗ್ರಿ ಇರಬೇಕು ಅನ್ನುತ್ತಾರೆ, ಮೇ ತಿಂಗಳಲ್ಲಿ ನಮ್ಮ ನಲ್ಲಿ ನೀರಿಗೆ ಕೈ ಇಟ್ಟರೆ ಸುಡುತ್ತದೆ! ಟಬ್ಬಿನಲ್ಲಿ ಐಸ್ ಹಾಕಿ, ಥರ್ಮಾಮೀಟರ್ ಇಟ್ಟುಕೊಂಡು ಕೂರಬೇಕು.

ಈ ಕಡೆ ಯಾರಾದರೂ ಕೊಳ್ಳುವ ಮುನ್ನ ಒಮ್ಮೆ ತೋರಿಸಬೇಕು ಅಂದರೆ ಮೆಸೇಜ್ ಹಾಕಿ. ಟಾರ್ಚ್ ನನ್ನ ಹತ್ತಿರ ಇದೆ, ಪರೀಕ್ಷೆಗೆ ರೋಲ್ ಮಾತ್ರ ನೀವೇ ತರಬೇಕು.