ಗೊಂಬೆಗಿಂತ ರೀಲ್ಸ್ ಲೇಸು

ಕೈಯಿಂದ ಗೊಂಬೆ ಹೆಣೆದು ಆನ್‌ಲೈನ್‌ನಲ್ಲಿ ಮಾರುವ ಸಣ್ಣ ಅಂಗಡಿಗೆ ಇಂದು ಬೇಕಾಗುವ ಸಾಮಗ್ರಿಗಳನ್ನು ಪಟ್ಟಿ ಮಾಡಿದರೆ ಟ್ರೈಪಾಡ್, ರಿಂಗ್ ಲೈಟ್, ಬಿಳಿಯ ಹಿನ್ನೆಲೆ ಪರದೆ, ಕಾಲರಿಗೆ ಸಿಕ್ಕಿಸುವ ಮೈಕ್, ವಿಡಿಯೋ ಎಡಿಟ್ ಮಾಡುವ ಆ್ಯಪ್ ಮತ್ತು ಅದರ ತಿಂಗಳ ಚಂದಾ ಮೊದಲ ಸಾಲುಗಳಲ್ಲಿ ಬರುತ್ತವೆ. ನೂಲು ಮತ್ತು ಕ್ರೋಶೆ ಕಡ್ಡಿ ಕೊನೆಯಲ್ಲಿ, ಹಣ ಮಿಕ್ಕರೆ ಕೊಳ್ಳಬಹುದಾದ ವಸ್ತುಗಳ ಸಾಲಿನಲ್ಲಿ ಕಾಣಿಸಿಕೊಳ್ಳುತ್ತವೆ. ಇದರಲ್ಲಿ ಅಚ್ಚರಿಪಡುವಂಥದ್ದೇನೂ ಇಲ್ಲ. ಗೊಂಬೆಯೊಂದನ್ನು ಹೆಣೆಯಲು ದಿನಗಟ್ಟಲೆ ಹಿಡಿಯುತ್ತದೆ ಮತ್ತು ಹೆಣೆದ ಗೊಂಬೆಯನ್ನು ಒಬ್ಬರಿಗೆ ಮಾತ್ರ ಮಾರಬಹುದು. ಹೆಣೆಯುತ್ತಿರುವುದನ್ನು ತೋರಿಸುವ ವಿಡಿಯೋವನ್ನಾದರೆ ಜಗತ್ತೆಲ್ಲವೂ ಪುಕ್ಕಟೆಯಾಗಿ ನೋಡಬಹುದು. ಪುಕ್ಕಟೆಯಾಗಿ ನೋಡುವವರು ಹೆಚ್ಚಿದಂತೆಲ್ಲ ಹಣ ಕೊಟ್ಟು ಕೊಳ್ಳುವವರೂ ಹೆಚ್ಚುತ್ತಾರೆಂಬುದು ಈ ಕ್ಷೇತ್ರದ ಮೂಲ ಸಿದ್ಧಾಂತವಾಗಿದ್ದು, ಅದನ್ನು ಅನುಮಾನಿಸುವವರು ದಿನಕ್ಕೆ ಒಂದೇ ಪೋಸ್ಟ್ ಹಾಕುವ ಸೋಮಾರಿಗಳೆಂದು ಪರಿಣತರು ಈಗಾಗಲೇ ತೀರ್ಮಾನಿಸಿಬಿಟ್ಟಿದ್ದಾರೆ.

ಈ ಕ್ಷೇತ್ರದ ಚರಿತ್ರೆಯನ್ನು ಬರೆಯಹೊರಟವರು ಅದನ್ನು ಆಕಾರಗಳ ಚರಿತ್ರೆಯಾಗಿಯೇ ಬರೆಯಬೇಕಾಗುತ್ತದೆ. 2010ರ ಅಕ್ಟೋಬರ್‌ನಲ್ಲಿ ಇನ್‌ಸ್ಟಾಗ್ರಾಂ ಆರಂಭವಾದಾಗ ಜಗತ್ತು ಚೌಕಾಕಾರವಾಗಿತ್ತು. ಉದ್ದನೆಯ ಶಾಲು ಹೆಣೆದವರು ಅದನ್ನು ಮಡಿಚಿ ಮಡಿಚಿ ಚೌಕದೊಳಗೆ ಕೂರಿಸುವ ವಿದ್ಯೆಯನ್ನು ಕಲಿತರು. ಆ ವಿದ್ಯೆ ಕೈಗೂಡುವಷ್ಟರಲ್ಲಿ, 2015ರಲ್ಲಿ, ಚೌಕದ ಕಡ್ಡಾಯ ಹೋಯಿತು. ಮರುವರ್ಷ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಮಾಯವಾಗುವ ಸ್ಟೋರಿಗಳು ಬಂದವು, 2020ರಲ್ಲಿ ರೀಲ್ಸ್ ಬಂದು ಜಗತ್ತು 9:16ರ ಅನುಪಾತದಲ್ಲಿ ನೆಟ್ಟಗೆ ಎದ್ದುನಿಂತಿತು. ಅತ್ತ ಚಿತ್ರಗಳನ್ನು ಹುಡುಕಿ ಕೂಡಿಟ್ಟುಕೊಳ್ಳುವ ಆ್ಯಪ್ ಆದ ಪಿಂಟರೆಸ್ಟ್ ತನ್ನ ಪಿನ್‌ಗಳು, ಅಂದರೆ ಅಲ್ಲಿನ ಪೋಸ್ಟ್‌ಗಳು, 2:3ರಲ್ಲಿದ್ದರೆ ಚೆನ್ನವೆಂದು ಹೇಳುತ್ತದೆ, ಯೂಟ್ಯೂಬಿನ ಮಾಮೂಲಿ ವಿಡಿಯೋ 16:9ರಲ್ಲಿ ಅಡ್ಡ ಮಲಗುತ್ತದೆ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆಂಬ ಗಾದೆಯನ್ನು ಕಟ್ಟಿದವರು ಎರಡೇ ಪ್ರಾಣಿಗಳನ್ನು ಕಂಡಿದ್ದರು. ಉಗುರಿನಗಲದ ಕಿವಿಯೋಲೆಯೊಂದನ್ನು ಮಾರಬೇಕಾದ ಕುಶಲಕರ್ಮಿಯ ನೊಗಕ್ಕೆ ಇಂದು ನಾಲ್ಕಾದರೂ ಕಟ್ಟಿಕೊಂಡಿವೆ.

ಇನ್‌ಸ್ಟಾಗ್ರಾಂ ಪ್ರೊಫೈಲಿನಲ್ಲಿ ಪೋಸ್ಟ್‌ಗಳೆಲ್ಲ ಸಾಲುಸಾಲಾಗಿ ಕಾಣುವ ಗ್ರಿಡ್ ಮಾತ್ರ ಬಹುಕಾಲ ಚೌಕವಾಗಿಯೇ ಉಳಿದಿದ್ದರಿಂದ, ಒಂಬತ್ತು ಚೌಕಗಳನ್ನು ಸೇರಿಸಿ ಒಂದು ದೊಡ್ಡ ಚಿತ್ರ ಮೂಡುವಂತೆ ಪೋಸ್ಟ್‌ಗಳನ್ನು ಜೋಡಿಸುವ ಶ್ರಮಜೀವಿಗಳ ಪಂಥವೊಂದು ಬೆಳೆದಿತ್ತು. 2025ರ ಜನವರಿಯಲ್ಲಿ ಒಂದು ಬೆಳಿಗ್ಗೆ ಆ ಚೌಕಗಳೂ ಉದ್ದನೆಯ ಆಯತಗಳಾದವು. ಆ ಪಂಥದವರ ಗೊಂಬೆಗಳ ಕಿವಿಗಳು ಒಂದು ಕಡೆ, ಮೂತಿಗಳು ಇನ್ನೊಂದು ಕಡೆ ಕತ್ತರಿಸಿಹೋದವು. ಸ್ವತಃ ಕೈಯಿಂದ ವಸ್ತುಗಳನ್ನು ಮಾಡುವವರಿಗೆ ಆಕಾರದ ಬಗ್ಗೆ ಪಾಠ ಹೇಳಲು ಒಂದು ಆ್ಯಪ್ ಮುಂದಾದ ಈ ಔದಾರ್ಯವನ್ನು ಯಾರೂ ಸರಿಯಾಗಿ ಮೆಚ್ಚಲಿಲ್ಲ.

2016ರಲ್ಲಿ ನಡೆದ ಇನ್ನೊಂದು ಉಪಕಾರವನ್ನು ಇಲ್ಲಿ ನೆನೆಯದಿದ್ದರೆ ತಪ್ಪಾಗುತ್ತದೆ. ಜನರು ತಮ್ಮ ಫೀಡಿನ, ಅಂದರೆ ಆ್ಯಪ್ ತೆರೆದಾಗ ಒಂದರ ಕೆಳಗೊಂದು ಬರುವ ಪೋಸ್ಟ್‌ಗಳ, ಸರಾಸರಿ ಶೇ 70ರಷ್ಟನ್ನು ನೋಡದೆಯೇ ಕಳೆದುಕೊಳ್ಳುತ್ತಿದ್ದಾರೆಂದು ಇನ್‌ಸ್ಟಾಗ್ರಾಂ ಆ ವರ್ಷ ಮರುಗಿತು, ಮತ್ತು ಪೋಸ್ಟ್‌ಗಳನ್ನು ಕಾಲಕ್ರಮದ ಬದಲು ತನ್ನ ಲೆಕ್ಕಾಚಾರದ ಕ್ರಮದಲ್ಲಿ ತೋರಿಸಲು ಹೊರಟಿತು. ಅಂದರೆ, ಯಾವುದನ್ನು ಕಳೆದುಕೊಳ್ಳಬೇಕೆಂಬ ಆಯ್ಕೆಯ ಹೊರೆಯನ್ನು ಜನರ ತಲೆಯಿಂದ ಇಳಿಸಿ ತಾನೇ ಹೊತ್ತುಕೊಂಡಿತು. ಅಂದಿನಿಂದ ಅಂಗಡಿಯೊಂದನ್ನು ಸ್ವಇಚ್ಛೆಯಿಂದ ಹಿಂಬಾಲಿಸುವ ಗ್ರಾಹಕರಿಗೂ ಆ ಅಂಗಡಿಯ ಹೊಸ ಗೊಂಬೆ ಕಾಣುವುದು ಆಲ್ಗಾರಿದಮ್ ಎಂಬ ಆ ಲೆಕ್ಕಾಚಾರದ ಕೃಪೆಯಿಂದ, ಇಲ್ಲವೇ ಜಾಹೀರಾತಿಗೆ ಹಣ ಕಟ್ಟುವುದರಿಂದ. ಕೃಪೆಗೆ ಪಾತ್ರರಾಗುವ ಮಾರ್ಗವೂ ಸ್ಥಿರವಾಗಿಲ್ಲ. ತಾವಿನ್ನು ಕೇವಲ ಫೋಟೋ ಹಂಚುವ ಆ್ಯಪ್ ಅಲ್ಲವೆಂದು ಸಂಸ್ಥೆಯ ಮುಖ್ಯಸ್ಥ ಆ್ಯಡಮ್ ಮೊಸ್ಸೇರಿ 2021ರ ನಡುವಿನಲ್ಲಿ ಸಾರಿದಾಗ, ವರ್ಷಗಳಿಂದ ಫೋಟೋದ ನೆರಳು ಬೆಳಕನ್ನು ಪಳಗಿಸಿಕೊಂಡಿದ್ದ ಕುಶಲಕರ್ಮಿಗಳು ಕ್ಯಾಮೆರಾದ ಮುಂದೆ ಬೆರಳು ತೋರಿಸುತ್ತಾ ಹೆಜ್ಜೆ ಹಾಕಲು ಕಲಿಯಬೇಕಾಯಿತು. 2022ರ ಜುಲೈನಲ್ಲಿ ಹಳೆಯ ಇನ್‌ಸ್ಟಾಗ್ರಾಂ ಮರಳಿ ಬೇಕೆಂಬ ಕೂಗೆದ್ದಿತು; ಕೋಟಿಗಟ್ಟಲೆ ಫಾಲೋವರ್‌ಗಳಿರುವ ಕೈಲಿ ಜೆನ್ನರ್ ಮತ್ತು ಕಿಮ್ ಕಾರ್ಡಾಶಿಯನ್ ಅದಕ್ಕೆ ದನಿಗೂಡಿಸಿದ ಕೆಲವೇ ದಿನಗಳಲ್ಲಿ ಸಂಸ್ಥೆ ಕೆಲವು ಬದಲಾವಣೆಗಳಿಂದ ಹಿಂದೆ ಸರಿಯಿತು. ಸಣ್ಣ ಅಂಗಡಿಯವರ ಅಹವಾಲನ್ನೂ ಸಂಸ್ಥೆ ಹೀಗೆಯೇ ಆಲಿಸುತ್ತದೆಂಬುದರಲ್ಲಿ ಸಂಶಯವಿಲ್ಲ, ಅದಕ್ಕೆ ಬೇಕಾದ ಕೋಟಿ ಫಾಲೋವರ್‌ಗಳನ್ನು ಅವರು ಒದಗಿಸಿಕೊಂಡರೆ ಸಾಕು. 2023ರ ಆರಂಭದಲ್ಲಿ, ಹಿಂದಿನ ವರ್ಷ ವಿಡಿಯೋಗಳನ್ನು ತುಸು ಅತಿಯಾಗಿಯೇ ತುರುಕಿದೆವೆಂದು ಅದೇ ಮುಖ್ಯಸ್ಥರು ಒಪ್ಪಿಕೊಂಡರು. ಕುಶಲಕರ್ಮಿಗಳು ಆ ಹೊತ್ತಿಗೆ ಹೆಜ್ಜೆ ಹಾಕುವುದರಲ್ಲಿ ನುರಿತಿದ್ದರು.

ಹೆಜ್ಜೆ ಹಾಕಬೇಕಾದ ಹಾಡಿನ ವಿಚಾರ ಇನ್ನೂ ಸೊಗಸಾದದ್ದು. ವೃತ್ತಿಪರರಂತೆ ಕಾಣಬೇಕಾದರೆ ಬಿಸಿನೆಸ್ ಖಾತೆ ತೆರೆಯಬೇಕೆಂದು ಪರಿಣತರು ಹೇಳುತ್ತಾರೆ. ರೀಲ್ಸ್ ಓಡಬೇಕಾದರೆ ಟ್ರೆಂಡಿಂಗ್ ಹಾಡನ್ನು ಹಾಕಬೇಕೆಂದೂ ಅವರೇ ಹೇಳುತ್ತಾರೆ. ಆದರೆ ಬಿಸಿನೆಸ್ ಖಾತೆಯಲ್ಲಿ ಆ ಜನಪ್ರಿಯ ಹಾಡುಗಳ ಭಂಡಾರ ತೆರೆಯುವುದಿಲ್ಲ, ಏಕೆಂದರೆ ವ್ಯಾಪಾರಕ್ಕೆ ಬಳಸಲು ಅವುಗಳ ಪರವಾನಗಿ ಇಲ್ಲ. ಅಲ್ಲಿ ಸಿಗುವುದು ಯಾರೂ ಗುನುಗದ, ಹಕ್ಕುಗಳ ತಕರಾರಿಲ್ಲದ ಸಂಗೀತ. ಹೀಗಾಗಿ ಅಂಗಡಿಯು ಅಂಗಡಿಯಂತೆ ಕಾಣಬೇಕಾದರೆ ಯಾರಿಗೂ ಕಾಣುವುದಿಲ್ಲ, ಎಲ್ಲರಿಗೂ ಕಾಣಬೇಕಾದರೆ ತಾನು ಅಂಗಡಿಯೇ ಅಲ್ಲವೆಂದು ನಟಿಸಬೇಕು. ಕಂಡ ಮೇಲಾದರೂ ಗ್ರಾಹಕರು ಅಂಗಡಿಯೊಳಕ್ಕೆ ಬರುವಂತಿದೆಯೇ ಎಂದರೆ, ಪೋಸ್ಟಿನ ಬರಹದಲ್ಲಿ ಹಾಕಿದ ಲಿಂಕನ್ನು ಒತ್ತಿದರೆ ಅದು ತೆರೆಯುವುದಿಲ್ಲ. ಬಯೋದಲ್ಲಿ, ಅಂದರೆ ಪ್ರೊಫೈಲಿನ ಮೇಲ್ಭಾಗದ ಪರಿಚಯದ ಸಾಲುಗಳಲ್ಲಿ, ಒಂದಕ್ಕಿಂತ ಹೆಚ್ಚು ಲಿಂಕುಗಳಿಗೆ ಅನುಮತಿ ಸಿಕ್ಕಿದ್ದೇ 2023ರಲ್ಲಿ. ಪಿಂಟರೆಸ್ಟ್ ಕೂಡ 2021ರಲ್ಲಿ ಐಡಿಯಾ ಪಿನ್ ಎಂಬ ಹೊಸ ಬಗೆಯನ್ನು ತಂದು, ಅದಕ್ಕೆ ಹೊರಗಿನ ಲಿಂಕ್ ಹಾಕುವ ಅವಕಾಶವನ್ನೇ ಕೊಡದೆ, ಬಾಗಿಲಿಲ್ಲದ ಅಂಗಡಿಗೆ ಗಾಜಿನ ಶೋಕೇಸ್ ಕಟ್ಟಿಸಿಕೊಟ್ಟ ಕಂಟ್ರಾಕ್ಟರನ ಕೀರ್ತಿಗೆ ಪಾತ್ರವಾಗಿತ್ತು.

ಇಷ್ಟೆಲ್ಲ ಅಡೆತಡೆಗಳ ನಡುವೆಯೂ ಕುಶಲಕರ್ಮಿಯಿಂದ ಎಲ್ಲರೂ ಬಯಸುವುದು ಒಂದೇ ಒಂದು, ಅದು ಸಹಜತೆ. ಸಹಜತೆಗೆ ಬೇಕಾಗುವ ಸಿದ್ಧತೆ ಸಾಮಾನ್ಯವಾದದ್ದಲ್ಲ. ನಿಜವಾಗಿ ಕೆಲಸ ನಡೆಯುವ ಮೇಜಿನ ಮೇಲೆ ಅಂಟಿನ ಕಲೆ, ತುಂಡು ನೂಲು, ಹಳೆಯ ಬಿಲ್ಲುಗಳು ಮತ್ತು ಚಾರ್ಜರಿನ ವೈರು ಇರುವುದರಿಂದ ಅದು ಸಹಜವಾಗಿ ಕಾಣುವುದಿಲ್ಲ. ಆದ್ದರಿಂದ ಕಿಟಕಿಯ ಪಕ್ಕದಲ್ಲಿ ಎರಡನೆಯ ಮೇಜೊಂದನ್ನು ಹಾಕಿ, ಅದರ ಮೇಲೆ ಒಣಹೂವಿನ ಗುಚ್ಛ, ಒಂದು ಕತ್ತರಿ ಮತ್ತು ಮೂರು ನೂಲಿನ ಉಂಡೆಗಳನ್ನು ಅಸ್ತವ್ಯಸ್ತವಾಗಿ, ಆದರೆ ಪರಸ್ಪರ ಒಪ್ಪುವ ಬಣ್ಣಗಳಲ್ಲಿ ಚೆಲ್ಲಬೇಕು. ಕುಶಲಕರ್ಮಿಯ ಒಂದು ದಿನ ಎಂಬ ವಿಡಿಯೋದ ಚಿತ್ರೀಕರಣಕ್ಕೆ ಪೂರ್ತಿ ಒಂದು ದಿನ ಹೋಗುವುದರಿಂದ, ಆ ದಿನ ಅವರು ಏನನ್ನೂ ಮಾಡಿರುವುದಿಲ್ಲವೆಂಬುದು ವಿಡಿಯೋದಲ್ಲಿ ಕಾಣದ ಒಂದೇ ಸಂಗತಿ. ಬೆಳಿಗ್ಗೆ ಏಳುವ ದೃಶ್ಯಕ್ಕಾಗಿ ಅವರು ಮೊದಲೇ ಎದ್ದು, ಮುಖ ತೊಳೆದು, ಕ್ಯಾಮೆರಾ ಇಟ್ಟು, ಮತ್ತೆ ಮಲಗಿರುತ್ತಾರೆ.

ಪ್ಯಾಕಿಂಗ್ ವಿಡಿಯೋಗಳ ಪ್ರಕಾರವನ್ನು ಪ್ರತ್ಯೇಕವಾಗಿಯೇ ಗೌರವಿಸಬೇಕು. ಆರ್ಡರ್ ಬಂದಾಗ ಗೊಂಬೆಯನ್ನು ಟಿಶ್ಯೂ ಕಾಗದದಲ್ಲಿ ಸುತ್ತಿ, ಸ್ಟಿಕ್ಕರ್ ಅಂಟಿಸಿ, ಕೈಬರಹದ ಧನ್ಯವಾದದ ಚೀಟಿಯನ್ನಿಟ್ಟು, ದಾರ ಬಿಗಿಯುವವರೆಗಿನ ಪ್ರತಿ ಸರಬರ ಸದ್ದನ್ನೂ ಮೈಕಿಗೆ ಒಪ್ಪಿಸಬೇಕು. ಆರ್ಡರ್ ಬಂದಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಈ ಕ್ರಿಯೆಯನ್ನು ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ರೀಚ್, ಅಂದರೆ ಪೋಸ್ಟ್ ತಲುಪುವ ಜನರ ಸಂಖ್ಯೆ, ಬೀಳುತ್ತದೆ, ರೀಚ್ ಬಿದ್ದರೆ ಆರ್ಡರ್ ಬರುವುದಿಲ್ಲ. ಆದ್ದರಿಂದ ಬಾರದ ಆರ್ಡರನ್ನು ಸೋಮವಾರ ಪ್ಯಾಕ್ ಮಾಡಿ, ಮಂಗಳವಾರ ಬಿಚ್ಚಿ, ಬುಧವಾರ ಬೇರೆ ಬಣ್ಣದ ದಾರದಲ್ಲಿ ಮತ್ತೆ ಕಟ್ಟಲಾಗುತ್ತದೆ. ಸಾಬೂನು ಮಾಡುವವರ ತ್ಯಾಗ ಇದಕ್ಕೂ ಮಿಗಿಲಾದದ್ದು. ವಾರಗಟ್ಟಲೆ ಒಣಗಿಸಿ ಹದಕ್ಕೆ ತಂದ ಸಾಬೂನನ್ನು ಚಾಕುವಿನಿಂದ ಸಣ್ಣ ಸಣ್ಣ ಚೌಕಗಳಾಗಿ ಕೆತ್ತಿ ಪುಡಿಮಾಡುವ ಸದ್ದು ನೋಡುಗರ ಮನಸ್ಸಿಗೆ ಹಿತವೆಂದು ಸಾಬೀತಾಗಿರುವುದರಿಂದ, ಮಾರಬೇಕಾದ ಸರಕನ್ನು ಪ್ರಚಾರದಲ್ಲೇ ಮುಗಿಸುವ ಸೌಭಾಗ್ಯ ಅವರದಾಗಿದೆ. ಕುಂಬಾರಿಕೆಯವರಲ್ಲಿ ತಿಗುರಿಯ ಮೇಲೆ ಕುಸಿದು ಬೀಳುವ ಮಡಕೆಗೆ ಒಳ್ಳೆಯ ಬೇಡಿಕೆಯಿದೆ. ನಿಂತ ಮಡಕೆಯನ್ನು ಕೇಳುವವರಿಲ್ಲ.

ವೇಗದ ವಿಷಯದಲ್ಲಂತೂ ತಂತ್ರವು ಪರಿಪೂರ್ಣವಾಗಿದೆ. ನೋಡುಗರು ಮೊದಲ ಮೂರು ಸೆಕೆಂಡುಗಳಲ್ಲಿ ಮುಂದಕ್ಕೆ ಹೊರಟುಹೋಗುತ್ತಾರೆಂಬ ಭಯದಿಂದ ಇಪ್ಪತ್ತು ಗಂಟೆಗಳ ಹೆಣಿಗೆಯನ್ನು ಹದಿನೈದು ಸೆಕೆಂಡುಗಳಿಗೆ ಅದುಮಿ ತೋರಿಸಲಾಗುತ್ತದೆ. ಕ್ರೋಶೆಯ ಹೆಣಿಗೆಯನ್ನು ಯಂತ್ರಗಳು ಇಂದಿಗೂ ನೆಟ್ಟಗೆ ಅನುಕರಿಸಲಾರವು, ಪ್ರತಿ ಕುಣಿಕೆಯನ್ನೂ ಮನುಷ್ಯರ ಕೈಯೇ ಎಳೆಯಬೇಕು. ಆ ಕೈ ಸಿಡಿಲಿನ ವೇಗದಲ್ಲಿ ಆಡಿ, ಗೊಂಬೆಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂರುವುದನ್ನು ಕಂಡ ಗ್ರಾಹಕರು, ಹದಿನೈದು ಸೆಕೆಂಡಿನ ಕೆಲಸಕ್ಕೆ ಇಷ್ಟೊಂದು ಬೆಲೆಯೇ ಎಂದು ನ್ಯಾಯವಾಗಿಯೇ ಕೇಳುತ್ತಾರೆ. ಬೆಲೆಯನ್ನು ಕೇಳಿ ತಿಳಿಯಬೇಕೆಂಬ ನಿಯಮವೂ ಇಲ್ಲಿದೆಯೆನ್ನಿ. ಕಾಮೆಂಟಿನಲ್ಲಿ ಬೆಲೆಯೆಷ್ಟೆಂದು ಕೇಳಿದವರಿಗೆ ಡಿಎಂ (ಖಾಸಗಿ ಸಂದೇಶ) ಮಾಡಿ ಎಂಬ ಉತ್ತರ ಬರುತ್ತದೆ, ಡಿಎಂ ಮಾಡಿದವರಿಗೆ ಬಯೋ ನೋಡಿ ಎಂಬ ಉತ್ತರ ಬರುತ್ತದೆ, ಬಯೋದ ಲಿಂಕನ್ನು ಒತ್ತಿದವರಿಗೆ ಸ್ಟಾಕ್ ಇಲ್ಲವೆಂದು ತಿಳಿಯುತ್ತದೆ, ಏಕೆಂದರೆ ಅಂಗಡಿಯವರು ಕಳೆದ ತಿಂಗಳಿಡೀ ವಿಡಿಯೋ ಮಾಡುತ್ತಿದ್ದರು.

ಹಾಗಾದರೆ ಈ ವಿಡಿಯೋಗಳನ್ನು ನೋಡುವವರು ಯಾರು? ಬಹುಮಟ್ಟಿಗೆ, ಗೊಂಬೆ ಹೆಣೆದು ಮಾರುವ ಇತರರು. ನನ್ನ ಪೋಸ್ಟಿಗೆ ನೀವು ಹೃದಯ ಒತ್ತಿದರೆ ನಿಮ್ಮ ಪೋಸ್ಟಿಗೆ ನಾನು ಒತ್ತುತ್ತೇನೆಂಬ ಒಡಂಬಡಿಕೆಯ ಗುಂಪುಗಳೇ ಇವೆ. ಅಲ್ಲಿ ಯಾರೂ ಯಾರಿಂದಲೂ ಏನನ್ನೂ ಕೊಳ್ಳುವುದಿಲ್ಲ, ಆದರೆ ಎಲ್ಲರೂ ಎಲ್ಲರ ಪ್ರತಿಭೆಗೂ ಬೆರಗಾಗುತ್ತಾರೆ. ಈ ವಲಯದಲ್ಲಿ ನಿಶ್ಚಿತವಾಗಿ ಲಾಭ ಮಾಡುತ್ತಿರುವ ಉತ್ಪನ್ನ ಒಂದುಂಟು: ಸಣ್ಣ ಕರಕುಶಲ ಅಂಗಡಿಯನ್ನು ಇನ್‌ಸ್ಟಾಗ್ರಾಂನಲ್ಲಿ ಬೆಳೆಸುವುದು ಹೇಗೆಂಬ ಕೋರ್ಸ್. ಅದನ್ನು ಮಾರುವವರು ಒಂದು ಕಾಲಕ್ಕೆ ಸಣ್ಣ ಕರಕುಶಲ ಅಂಗಡಿ ನಡೆಸುತ್ತಿದ್ದವರು, ಮತ್ತು ಅದನ್ನು ಮುಚ್ಚಿದ ದಿನದಿಂದ ಅವರ ಏಳಿಗೆ ಆರಂಭವಾಯಿತೆಂಬುದನ್ನು ಅವರು ಮುಚ್ಚಿಡುವುದೂ ಇಲ್ಲ.

ಪಿಂಟರೆಸ್ಟಿನ ಕಥೆ ಬೇರೆಯೆಂದು ಬಲ್ಲವರು ಹೇಳುತ್ತಿದ್ದರು. ಅಲ್ಲಿ ಜನ ಹುಡುಕಿಕೊಂಡು ಬರುತ್ತಾರೆ, ಒಮ್ಮೆ ಹಾಕಿದ ಪಿನ್ ತಿಂಗಳುಗಟ್ಟಲೆ ಕಣ್ಣಿಗೆ ಬೀಳುತ್ತಿರುತ್ತದೆ, ಕುಣಿಯುವ ಅಗತ್ಯವಿಲ್ಲ. ಇವೆಲ್ಲ ನಿಜವಾದ ಮಾತುಗಳೇ. ಆದರೆ ಈಗ ಹುಡುಕಿಕೊಂಡು ಬಂದವರಿಗೆ ಎದುರಾಗುವುದು ಕೃತಕ ಬುದ್ಧಿಮತ್ತೆ ಹೆಣೆದ ಗೊಂಬೆಗಳ ಹಿಂಡು: ರೇಷ್ಮೆಯಂತೆ ಹೊಳೆಯುವ ರೆಕ್ಕೆಗಳಿರುವ, ಯಾವ ಕಡ್ಡಿಯಿಂದಲೂ ಹಾಕಲಾಗದ ಕುಣಿಕೆಗಳಿರುವ, ಆರಂಭವೂ ಅಂತ್ಯವೂ ಇಲ್ಲದ ನೂಲಿನ ಡ್ರ್ಯಾಗನ್‌ಗಳು. ಅವು ಎಷ್ಟು ತುಂಬಿಕೊಂಡವೆಂದರೆ 2025ರಲ್ಲಿ ಪಿಂಟರೆಸ್ಟ್ ಅಂಥ ಚಿತ್ರಗಳಿಗೆ ಗುರುತುಚೀಟಿ ಹಚ್ಚಲು ಮುಂದಾಗಬೇಕಾಯಿತು. ಗ್ರಾಹಕರು ಆ ಚಿತ್ರವನ್ನೇ ಕುಶಲಕರ್ಮಿಗೆ ಕಳುಹಿಸಿ, ಇದೇ ಬೇಕು, ಶುಕ್ರವಾರದೊಳಗೆ ಬೇಕು ಎನ್ನುತ್ತಾರೆ. ಇದನ್ನು ಹೆಣೆಯಲು ಸಾಧ್ಯವಿಲ್ಲವೆಂದರೆ, ಅಲ್ಲಿ ಹೆಣೆದಿದ್ದಾರಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೈಯಿಂದ ಮಾಡಿದ್ದಕ್ಕೆ ಪುರಾವೆಯಾಗಿ ಮಾಡುವ ವಿಡಿಯೋ ತೋರಿಸಿ ಎಂಬುದು ಪರಿಣತರು ಈಗ ಕೊಡುವ ಸಲಹೆ; ಹೀಗೆ ಟ್ರೈಪಾಡಿಗೆ ಮತ್ತೆ ಕೆಲಸ ಸಿಕ್ಕಿತು.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆಗಳ ಕಾಲ ಸ್ಥಗಿತಗೊಂಡವು. ಬೇರೆ ಬಾಗಿಲೇ ಇಲ್ಲದ ಸಣ್ಣ ಅಂಗಡಿಗಳ ಪಾಲಿಗೆ ಅದು ಬಂದ್ ಆಗಿತ್ತೆಂದು ವಿಶ್ಲೇಷಕರು ಮರುಗಿದರು. ಆ ಆರು ಗಂಟೆಗಳಲ್ಲಿ ಎಷ್ಟು ಗೊಂಬೆಗಳು ಪೂರ್ತಿಯಾದವೆಂಬುದನ್ನು ಮಾತ್ರ ಯಾರೂ ಲೆಕ್ಕ ಹಾಕಲಿಲ್ಲ.

ಕೊನೆಗೊಮ್ಮೆ, ಆಲ್ಗಾರಿದಮ್ಮಿನ ಲಹರಿ ಬದಲಾದ ಯಾವುದೋ ರಾತ್ರಿ, ಒಂದು ರೀಲ್ಸ್ ವೈರಲ್ ಆಗಿಯೇಬಿಡುತ್ತದೆ. ಲಕ್ಷಗಟ್ಟಲೆ ವ್ಯೂಸ್ ಬರುತ್ತವೆ, ಫೋನ್ ಬಿಸಿಯಾಗುತ್ತದೆ, ಕಾಮೆಂಟುಗಳು ಸುರಿಯುತ್ತವೆ. ಹಿನ್ನೆಲೆಯ ಆ ಪರದೆ ಎಲ್ಲಿ ಸಿಗುತ್ತದೆಂದು ಹಲವರು ಕೇಳುತ್ತಾರೆ. ಮೇಜಿನ ಮೂಲೆಯಲ್ಲಿದ್ದ ಒಣಹೂವಿನ ಗುಚ್ಛ ನಿಜವಾದದ್ದೇ ಎಂದು ಕೆಲವರು, ನಿಮ್ಮ ಉಗುರಿನ ಬಣ್ಣ ಯಾವುದೆಂದು ಉಳಿದವರು ವಿಚಾರಿಸುತ್ತಾರೆ. ಒಬ್ಬರಂತೂ ಗೊಂಬೆಯನ್ನೇ ಮನಸಾರೆ ಹೊಗಳಿ, ತಾವೂ ಇಂಥದ್ದೇ ಅಂಗಡಿ ತೆರೆಯಲಿರುವುದರಿಂದ ಮಾದರಿಯನ್ನು ಉಚಿತವಾಗಿ ಕಳುಹಿಸಿಕೊಡಬೇಕೆಂದು ಕೋರುತ್ತಾರೆ. ಪ್ರತಿ ಕಾಮೆಂಟಿಗೂ ಮೊದಲ ಒಂದು ಗಂಟೆಯೊಳಗೆ ಉತ್ತರಿಸಿದರೆ ಮುಂದಿನ ರೀಲ್ಸಿಗೆ ಒಳ್ಳೆಯದೆಂದು ಕೋರ್ಸಿನಲ್ಲಿ ಹೇಳಿದ್ದ ಕಾರಣ, ಕುಶಲಕರ್ಮಿಯು ಕ್ರೋಶೆ ಕಡ್ಡಿಯನ್ನು ಬದಿಗಿಟ್ಟು, ಪರದೆ ಮಾರುವವರ ಲಿಂಕನ್ನು ಎಲ್ಲರಿಗೂ ಒಂದೊಂದಾಗಿ ಕಳುಹಿಸತೊಡಗುತ್ತಾರೆ.