ಕೆಸರಂಚಿನ ನೆಂಟರು

ನನ್ನ ಕಂಪ್ಯೂಟರಿನಲ್ಲಿ 'ಹಕ್ಕಿಗಳು' ಎಂಬ ಹೆಸರಿನ ಫೋಲ್ಡರ್ ಒಂದಿದೆ. ಅದರೊಳಗೆ ಹೊಕ್ಕವರಿಗೆ ಸಿಗುವುದು ಹೆಚ್ಚಾಗಿ ಕೆಸರು. ಹಕ್ಕಿ ಈಗಷ್ಟೇ ಎದ್ದುಹೋದ ಹೆಜ್ಜೆಗುರುತು, ಹಾರುತ್ತಿರುವ ಬಾಲ, ಕೂದಲೆಳೆಯಷ್ಟು ಸ್ಪಷ್ಟವಾಗಿ ಮೂಡಿದ ಜೊಂಡು, ಅದರ ಹಿಂದೆ ಮಸುಕಾಗಿ ನಿಂತ ಕಂದು ಮುದ್ದೆ. ಅಮ್ಮ ಒಮ್ಮೆ ಕನ್ನಡಕ ಹಾಕಿಕೊಂಡು ನಲವತ್ತು ಚಿತ್ರಗಳನ್ನು ತಾಳ್ಮೆಯಿಂದ ನೋಡಿ, "ಚೆನ್ನಾಗಿವೆ. ಹಕ್ಕಿ ಎಲ್ಲಿದೆಯಪ್ಪಾ?" ಎಂದು ಕೇಳಿದಳು. "ಅಲ್ಲೇ, ಕಲ್ಲಿನ ಪಕ್ಕ" ಎಂದೆ. ಅಮ್ಮ ಕಲ್ಲನ್ನೇ ಹಕ್ಕಿಯೆಂದು ಮೆಚ್ಚಿಕೊಂಡು ಅಡುಗೆಮನೆಗೆ ಹೋದಳು.

ಚಳಿಗಾಲದ ಭಾನುವಾರಗಳಲ್ಲಿ ನಾನು ಬೆಳಕು ಹರಿಯುವ ಮೊದಲೇ ಮೈಸೂರು ಬಿಟ್ಟು, ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಸ್ಕೂಟರಿನಲ್ಲಿ ಹೋಗುತ್ತೇನೆ. ಡಿಸೆಂಬರ್, ಜನವರಿಯಲ್ಲಿ ಅಲ್ಲಿಗೆ ಹೋಗುವವನು ನಾನೊಬ್ಬನೇ ಅಲ್ಲ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹಿಡಿಯಲು ಫಿರಂಗಿಯಂತಹ ಲೆನ್ಸ್ ಹೊತ್ತವರು ಏರಿಯ ಮೇಲೆ ಸಾಲಾಗಿ ನಿಂತಿರುತ್ತಾರೆ. ಪಯಣದ ಜಾಡು ತಿಳಿಯಲೆಂದು ಮಂಗೋಲಿಯಾದಲ್ಲಿ ಗುರುತಿನ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಮೈಸೂರು ಸುತ್ತಿನ ಕೆರೆಗಳಲ್ಲಿ ಕಂಡದ್ದುಂಟು. ಆ ಪಟ್ಟಿಯ ಅಕ್ಷರ ಓದಲು ಸಿಕ್ಕವನ ಮುಖದಲ್ಲಿ ಲಾಟರಿ ಹೊಡೆದ ಕಳೆ ಇರುತ್ತದೆ. ಹೆಬ್ಬಾತುಗಳಿಗೂ ತಮ್ಮ ಬೆಲೆ ಗೊತ್ತು. ಆರತಕ್ಷತೆಯ ವೇದಿಕೆಯ ಮೇಲಿನ ಮದುಮಕ್ಕಳಂತೆ ಗಂಭೀರವಾಗಿ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ತಿರುಗಿ ನಿಲ್ಲುತ್ತವೆ.

ನನ್ನ ಗಿರಾಕಿಗಳು ಅಲ್ಲಿರುವುದಿಲ್ಲ. ಅವರು ಇದೇ ಮದುವೆಗೆ ಬಂದು ಕೊನೆಯ ಪಂಕ್ತಿಯ ತುದಿಯಲ್ಲಿ ಕುಳಿತ ಬಡ ನೆಂಟರು. ನೀರು ಸರಿದು ಕೆಸರು ಬಾಯ್ದೆರೆದ ಅಂಚಿನಲ್ಲಿ, ಎಮ್ಮೆಗಳು ತುಳಿದ ಗುಂಡಿಗಳ ನಡುವೆ ತಲೆ ತಗ್ಗಿಸಿ ಓಡಾಡುತ್ತಿರುತ್ತಾರೆ. ಬೆನ್ನು ಕಂದು, ಹೊಟ್ಟೆ ಬಿಳಿ. ಈ ಒಂದು ವಾಕ್ಯದಲ್ಲಿ ಹತ್ತಾರು ಜಾತಿಗಳ ವರ್ಣನೆ ಮುಗಿಯುತ್ತದೆ. ನನ್ನ ಕಷ್ಟ ಶುರುವಾಗುವುದೂ ಅಲ್ಲಿಂದಲೇ.

ಇವುಗಳಲ್ಲಿ ಕೆಲವಕ್ಕೆ ಕನ್ನಡದಲ್ಲಿ ಗದ್ದೆಗೊರವ ಎಂಬ ಹೆಸರಿದೆ. ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ, ನನಗಂತೂ ಕರಡಿಕೂದಲ ಟೋಪಿ ತೊಟ್ಟು, ಡಮರು ಹಿಡಿದು, ಜೋಳಿಗೆ ಹಾಕಿಕೊಂಡು ಬರುವ ಮೈಲಾರಲಿಂಗನ ಗೊರವಯ್ಯನೇ ಎದುರಿಗೆ ಬರುತ್ತಾನೆ. ಹಕ್ಕಿಯ ಜೋಳಿಗೆ ಕಾಣಿಸದು, ಕುಣಿತ ಮಾತ್ರ ಕಾಣುತ್ತದೆ. ಸಾಮಾನ್ಯ ಗದ್ದೆಗೊರವ ನಿಂತಲ್ಲಿ ನಿಲ್ಲದು. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತಾ, ಯಾರೋ ಒಳಗಿನಿಂದ ದಾರ ಎಳೆಯುತ್ತಿರುವಂತೆ ಮೈಯನ್ನು ತೂಗುತ್ತಲೇ ಇರುತ್ತದೆ. ಅದರ ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದಿನಿಂದ ಭುಜದ ಕಡೆಗೆ ಮೊನೆಯಾಗಿ ಏರಿರುತ್ತದೆ. ಅಡವಿ ಗದ್ದೆಗೊರವನಿಗೆ ಬೆನ್ನ ತುಂಬ ಅಕ್ಕಿನುಚ್ಚು ಚೆಲ್ಲಿದಂತೆ ಚುಕ್ಕಿ, ಕಣ್ಣಿನ ಮೇಲೆ ಉದ್ದನೆಯ ಬಿಳಿ ಹುಬ್ಬು, ಹಳದಿ ಛಾಯೆಯ ಕಾಲು. ಹಸಿರು ಗದ್ದೆಗೊರವನಲ್ಲಿ ಹೇಳಿಕೊಳ್ಳುವಂತಹ ಹಸಿರೇ ಇಲ್ಲ. ಹಾರಿದಾಗ ಕಪ್ಪು ರೆಕ್ಕೆಯ ನಡುವೆ ಬಿಳಿಯ ಸೊಂಟ ಮಿಂಚುತ್ತದೆ, ಅಷ್ಟೆ. ಇಷ್ಟನ್ನು ನಾನು ಮನೆಯಲ್ಲಿ ಕುಳಿತು ಗಿಣಿಪಾಠ ಒಪ್ಪಿಸಬಲ್ಲೆ. ಕೆರೆಯಂಚಿನಲ್ಲಿ, ಬಿಸಿಲಿಗೆ ಎದುರಾಗಿ, ಆಡುವ ಹಕ್ಕಿಯನ್ನು ನಡುಗುವ ಲೆನ್ಸಿನಲ್ಲಿ ನೋಡುವಾಗ ಮೂವರು ಗೊರವರೂ ಒಬ್ಬನೇ ಆಗಿಬಿಡುತ್ತಾರೆ.

ಈ ಗುಂಪಿನಲ್ಲಿ ನನಗೆ ದಯೆ ತೋರುವುದು ಮೆಟ್ಟುಗಾಲು ಹಕ್ಕಿ ಒಂದೇ. ಕಪ್ಪು ರೆಕ್ಕೆ, ಬಿಳಿ ಮೈ, ಮರಗಾಲು ಕಟ್ಟಿಕೊಂಡ ಜಾತ್ರೆಯ ಆಟದವನಂತಹ ಗುಲಾಬಿ ಕಾಲು. ಗುರುತು ಹಿಡಿಯಲು ಪಂಡಿತರು ಬೇಕಿಲ್ಲ. ಆದರೆ ಬಿಳಿ ಮೈಗೆ ಬೆಳಕು ಹೊಂದಿಸಿದರೆ ಕಪ್ಪು ರೆಕ್ಕೆ ಮಸಿಯಾಗುತ್ತದೆ, ರೆಕ್ಕೆಗೆ ಹೊಂದಿಸಿದರೆ ಮೈ ಸುಣ್ಣದ ಗೋಡೆಯಾಗುತ್ತದೆ. ಎರಡನ್ನೂ ಸರಿದೂಗಿಸಿದ ದಿನ ಪಾದ ಚೌಕಟ್ಟಿನ ಹೊರಗಿರುತ್ತದೆ.

ಇನ್ನು ಕೆರೆಯ ಕಾವಲುಗಾರ. ಕೆಂಪು ಟಿಟ್ಟಿಭಕ್ಕೆ ನನ್ನ ಮೇಲೆ ಯಾವ ಜನ್ಮದ ದ್ವೇಷವೋ ತಿಳಿಯದು. ಒಳ್ಳೆಯ ಹಕ್ಕಿಯ ಚಿತ್ರ ಬೇಕಾದರೆ ಅದರ ಕಣ್ಣಿನ ಮಟ್ಟಕ್ಕೆ ಇಳಿಯಬೇಕು ಎಂಬುದು ಛಾಯಾಗ್ರಹಣದ ಪಾಠ. ಕೆಸರಿನ ಹಕ್ಕಿಯ ಕಣ್ಣು ನೆಲದಿಂದ ಗೇಣುದ್ದವೂ ಇರುವುದಿಲ್ಲ. ಹಾಗಾಗಿ ನಾನು ಸಗಣಿ ಇಲ್ಲದ ಜಾಗ ಹುಡುಕಿ, ಗೋಣಿತಾಟು ಹಾಸಿ, ಹೊಟ್ಟೆಯ ಮೇಲೆ ತೆವಳುತ್ತಾ ಇಪ್ಪತ್ತು ನಿಮಿಷದಲ್ಲಿ ಹತ್ತು ಮಾರು ಮುಂದೆ ಹೋಗಿರುತ್ತೇನೆ. ಗೊರವ ಇನ್ನೂ ಕುಣಿಯುತ್ತಿರುತ್ತಾನೆ. ಉಸಿರು ಬಿಗಿಹಿಡಿಯುತ್ತೇನೆ. ಆಗ ಎಲ್ಲಿಂದಲೋ 'ಟಿಟ್ಟಿಟ್ಟೀ' ಎಂದು ಇಡೀ ಸೀಮೆಗೆ ಡಂಗುರ ಹೊಡೆದಂತೆ ಅರಚುತ್ತಾ ಅದು ತಲೆಯ ಮೇಲೆ ಹಾರಿಬರುತ್ತದೆ. ಕೆಸರಿನಲ್ಲಿದ್ದ ಸಂಸಾರವೆಲ್ಲ ಒಟ್ಟಿಗೆ ಎದ್ದು ಆಚೆ ದಡ ಸೇರುತ್ತದೆ. ಆಕಾಶ ಕಳಚಿ ಬಿದ್ದರೆ ತಡೆಯಲೆಂದು ಟಿಟ್ಟಿಭ ಕಾಲು ಮೇಲೆ ಮಾಡಿ ಮಲಗುತ್ತದೆ ಎಂಬ ಮಾತಿದೆ; ಪಂಚತಂತ್ರದಲ್ಲಂತೂ ಮೊಟ್ಟೆ ಕದ್ದ ಸಮುದ್ರವನ್ನೇ ಗರುಡನ ಬಲದಿಂದ ಮಣಿಸುತ್ತದೆ. ಸಮುದ್ರಕ್ಕೇ ಹೆದರದ ಹಕ್ಕಿ ಗೋಣಿತಾಟಿಗೆ ಹೆದರೀತೇ? ಅದರ ಪಕ್ಷದಲ್ಲೂ ನ್ಯಾಯವಿದೆ ಅನ್ನಿ. ಗೂಡೆಂಬ ಗೂಡಿಲ್ಲ, ಬರಿನೆಲದ ಹರಳುಗಳ ನಡುವೆ ಹರಳಿನಂತಹವೇ ನಾಲ್ಕು ಮೊಟ್ಟೆ ಇಡುತ್ತದೆ. ಅದು ಮೊಟ್ಟೆ ಇಡುವ ಕಾಲದಲ್ಲಿ ಆ ಕಡೆ ತೆವಳುವುದನ್ನು ನಾನು ಬಿಟ್ಟಿದ್ದೇನೆ. ಅದು ಬೈಯುವುದನ್ನು ಬಿಟ್ಟಿಲ್ಲ.

ಹೀಗೆ ತೆವಳಿ ಸೋತು ಕುಳಿತಿದ್ದ ಒಂದು ದಿನ ಎಮ್ಮೆ ಮೇಯಿಸುವ ತಾತ ಬಂದರು. ಸ್ವಲ್ಪ ಹೊತ್ತು ನನ್ನನ್ನು, ಸ್ವಲ್ಪ ಹೊತ್ತು ಕೆಸರನ್ನು ನೋಡಿದರು.

"ದೊಡ್ಡ ಹಕ್ಕಿ ಆ ಕಡೆ ಇವೆ, ಸ್ವಾಮಿ. ಎಲ್ಲರೂ ಅಲ್ಲೇ ಇದ್ದಾರೆ."

"ನನಗೆ ಈ ಸಣ್ಣವು ಬೇಕು, ತಾತ. ಇವೂ ಹೊರದೇಶದಿಂದ ಬಂದ ಅತಿಥಿಗಳೇ. ಸೈಬೀರಿಯಾದ ಕಡೆಯಿಂದ ಬರುತ್ತವೆ."

"ಯಾವಾಗ ಬರುತ್ತವೆ?"

"ಆಗಸ್ಟ್ ಕೊನೆಗೆ. ಗೌರಿ ಹಬ್ಬದ ಹೊತ್ತಿಗೆ ಅನ್ನಿ."

"ಹೋಗುವುದು?"

"ಯುಗಾದಿ ಕಳೆದ ಮೇಲೆ."

ತಾತ ಬೆರಳು ಮಡಚಿ ಲೆಕ್ಕ ಹಾಕಿದರು. "ಎಂಟು ತಿಂಗಳು ಉಳಿಯುವವರನ್ನು ನಿಮ್ಮ ಊರಿನಲ್ಲಿ ಅತಿಥಿ ಅನ್ನುತ್ತಾರೋ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎಮ್ಮೆಯ ಹಿಂದೆ ಹೋದರು.

ಅಂದಿನಿಂದ ಪತ್ರಿಕೆಗಳಲ್ಲಿ ಪ್ರತಿವರ್ಷ ಬರುವ 'ವಿದೇಶಿ ಅತಿಥಿಗಳ ಕಲರವ' ಎಂಬ ತಲೆಬರಹ ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ. ಉತ್ತರದ ಬೇಸಿಗೆ ತೀರಾ ಚಿಕ್ಕದು. ಮಂಜು ಕರಗುತ್ತಲೇ ಹೋಗಿ, ಮೊಟ್ಟೆಯಿಟ್ಟು, ಮರಿ ಮಾಡಿ, ಎದ್ದುಬಿಡುತ್ತವೆ. ಹೆರಿಗೆಗೆ ಹೋಗಿಬಂದಷ್ಟೇ ಅವಕ್ಕೆ ಅಲ್ಲಿನ ಋಣ. ವರ್ಷದ ಉಳಿದ ಭಾಗದಲ್ಲಿ ಅನ್ನ, ನಿದ್ದೆ, ಗರಿ ಉದುರಿಸಿ ಹೊಸ ಗರಿ ಮೂಡಿಸಿಕೊಳ್ಳುವುದು ಎಲ್ಲವೂ ದಾರಿಯಲ್ಲಿ, ಇಲ್ಲವೇ ಇಂತಹ ಕೆಸರಿನಲ್ಲಿ. ಹೊರಗಿನಿಂದ ಬಂದವರನ್ನು ಎಷ್ಟು ದಿನ ಹೊರಗಿನವರೆನ್ನುವುದು? ಮೈಸೂರು ಅರಸು ಮನೆತನದ ಮೂಲಕಥೆಯನ್ನೇ ನೋಡಿ. ದೂರದ ದ್ವಾರಕೆಯಿಂದ ಬಂದ ಯದುರಾಯ, ಕೃಷ್ಣರಾಯ ಎಂಬ ಅಣ್ಣತಮ್ಮಂದಿರು ಕಾರುಗಹಳ್ಳಿಯ ಮಾರನಾಯಕನ ಕಾಟದಿಂದ ಹದಿನಾಡಿನ ರಾಜಕುಮಾರಿಯನ್ನು ಪಾರು ಮಾಡಿದರಂತೆ. ಆ ಹದಿನಾಡೇ ಈ ಹದಿನಾರು. 1399ರಲ್ಲಿ ಯದುರಾಯ ಪಟ್ಟಕ್ಕೆ ಬಂದ. ಹಾದುಹೋಗುತ್ತಿದ್ದವನ ವಂಶ ಐನೂರು ವರ್ಷ ಮೀರಿ ನಿಂತಿತು. ಆ ಲೆಕ್ಕದಲ್ಲಿ ಗೊರವನಿಗೆ ಈ ಊರಿನ ರೇಷನ್ ಕಾರ್ಡು ಎಂದೋ ಸಿಗಬೇಕಿತ್ತು.

ಈ ಪ್ರಯಾಣಿಕರಲ್ಲಿ ನನ್ನನ್ನು ಸೋಲಿಸಿರುವುದು ಲಿಟಲ್ ಸ್ಟಿಂಟ್. ಗುಬ್ಬಚ್ಚಿಯ ಗಾತ್ರ, ತೂಕ ಸುಮಾರು 25 ಗ್ರಾಂ. ಉತ್ತರಧ್ರುವದ ಅಂಚಿನ ಬಯಲಿನಲ್ಲಿ ಹುಟ್ಟುತ್ತದೆ. ದೊಡ್ಡವು ಮೊದಲೇ ಹೊರಟುಬಿಡುತ್ತವೆ; ಮರಿಗಳು ಆಮೇಲೆ, ದಾರಿ ತೋರಿಸುವ ಹಿರಿಯರಿಲ್ಲದೆ, ತಮ್ಮಷ್ಟಕ್ಕೆ ತಾವು ಬರುತ್ತವೆ. ನಾನು ಮೊದಲ ಸಲ ಹದಿನಾರಿಗೆ ಹೊರಟಾಗ ಮೊಬೈಲಿನ ನಕ್ಷೆ ತೋರಿಸಿದಂತೆ ಹೋಗಿ ಯಾರದೋ ಕಬ್ಬಿನ ಗದ್ದೆಯಲ್ಲಿ ನಿಂತಿದ್ದೆ.

ಇವುಗಳ ಸಹವಾಸದಿಂದ ನನ್ನಲ್ಲಿ ಒಂದು ದುರ್ಗುಣವೂ ಬೆಳೆದಿದೆ. ಮಳೆ ಚೆನ್ನಾಗಿ ಬಂದು ಕೆರೆ ಕೋಡಿ ಬಿದ್ದರೆ ಊರಿಗೆಲ್ಲ ಹಬ್ಬ. ನಾನೂ ಕೈಮುಗಿಯುತ್ತೇನೆ, ಒಳಗೆ ಮಾತ್ರ ಮುಖ ಸಣ್ಣದಾಗುತ್ತದೆ. ದಂಡೆಯವರೆಗೆ ನೀರು ನಿಂತರೆ ಕೆಸರಿಲ್ಲ, ಕೆಸರಿಲ್ಲದಿದ್ದರೆ ಇವರಿಲ್ಲ. ಕೆಸರೇ ಇವರ ಬಾಳೆಲೆ. ಸ್ಟಿಂಟಿನ ಗಿಡ್ಡ ಕೊಕ್ಕು ಮೇಲುಮೇಲಿನದನ್ನು ಹೆಕ್ಕುತ್ತದೆ. ಗೊರವನದು ಇನ್ನಷ್ಟು ಆಳಕ್ಕೆ. ಕಪ್ಪುಬಾಲದ ಗಾಡ್‌ವಿಟ್ ಕಣ್ಣಿನ ತನಕ ಕೊಕ್ಕು ಹೂತು, ಒಳಗೆ ತುದಿಯನ್ನಷ್ಟೇ ತೆರೆದು ಹುಳುವನ್ನು ಹಿಡಿಯುತ್ತದೆ. ಒಂದೇ ಎಲೆಯಲ್ಲಿ ಒಬ್ಬರದು ಕೋಸಂಬರಿ, ಒಬ್ಬರದು ಪಲ್ಯ, ಒಬ್ಬರದು ತಳದ ಪಾಯಸ. ಮಳೆಯನ್ನಾದರೂ ಕ್ಷಮಿಸಬಹುದು, ನಾಲ್ಕು ತಿಂಗಳಿಗೆ ನೀರು ಇಳಿಯುತ್ತದೆ. ಅಭಿವೃದ್ಧಿಯ ಹೆಸರಿನಲ್ಲಿ ಕೆರೆಯ ಸುತ್ತ ಕಡಿದಾಗಿ ಕಲ್ಲು ಕಟ್ಟಿ, ಅಂಚನ್ನೇ ಅಳಿಸಿ, ಕೈತೊಳೆಯುವ ಬೇಸಿನ್‌ನಂತೆ ಮಾಡಿಡುತ್ತಾರಲ್ಲ, ಅದಕ್ಕೆ ಯಾವ ಬೇಸಿಗೆಯೂ ಇಲ್ಲ. ಅಂತಹ ಕೆರೆಗಳಲ್ಲಿ ವಾಕಿಂಗ್ ಚೆನ್ನಾಗಿ ಆಗುತ್ತದೆ.

ಮಾರ್ಚ್ ಬಂದರೆ ಏರಿಯ ಮೇಲೆ ಫಿರಂಗಿಗಳಿಲ್ಲ. ಹೆಬ್ಬಾತುಗಳು ಹೋಗಿರುತ್ತವೆ, ಬೆಳಗಿನ ಒಂಬತ್ತಕ್ಕೇ ಬಿಸಿಲ ಝಳ ಎದ್ದು ಚಿತ್ರಗಳೆಲ್ಲ ನೀರಿನೊಳಗೆ ತೆಗೆದಂತೆ ಅಲುಗುತ್ತವೆ. ಅದೇ ಹೊತ್ತಿಗೆ ನನ್ನ ಬಡ ನೆಂಟರು ಪೆಟ್ಟಿಗೆಯಿಂದ ಒಳ್ಳೆಯ ಬಟ್ಟೆ ತೆಗೆಯುತ್ತಾರೆ. ಗಾಡ್‌ವಿಟ್ಟಿನ ಎದೆಗೆ ಇಟ್ಟಿಗೆಯ ಕೆಂಪು ಹತ್ತುತ್ತದೆ, ಸ್ಟಿಂಟಿನ ಬೆನ್ನಿಗೆ ಕಾವಿ ಬಣ್ಣ. ರಫ್ ಎಂಬ ಹಕ್ಕಿಯ ಗಂಡು ಉತ್ತರದಲ್ಲಿ ಕೊರಳ ಸುತ್ತ ಗರಿಯ ಹಾರ ಬಿಚ್ಚಿ ಹೆಣ್ಣಿನೆದುರು ಕುಣಿಯುತ್ತದೆ. ಅದರ ಮೈಮೇಲೂ ಆಗ ಒಂದೊಂದು ಕಪ್ಪು ಗರಿ ಇಣುಕುತ್ತದೆ. ಹಾರವಂತೂ ಇಲ್ಲಿಂದ ಹೋದ ಮೇಲೆಯೇ. ಎಂಟು ತಿಂಗಳು ಮನೆಯಲ್ಲಿ ಹಳೆಯ ಪಂಚೆಯಲ್ಲೇ ಓಡಾಡಿದವನು ಹೊರಡುವ ದಿನ ಜರಿ ಪೇಟ ಸುತ್ತಿಕೊಂಡಂತೆ.

ಈ ವರ್ಷ ಏಪ್ರಿಲಿನ ಮೂರನೆಯ ಭಾನುವಾರ ಹೋದಾಗ ಅಂಚಿನಲ್ಲಿ ಒಂದೇ ಒಂದು ಸ್ಟಿಂಟ್ ಉಳಿದಿತ್ತು. ತಾತ ಮರದಡಿ ಕುಳಿತಿದ್ದರು. "ಮಿಕ್ಕವು ಎಲ್ಲಿ?" ಎಂದು ಅವರೇ ಕೇಳಿದರು. "ಹೋದವು ತಾತ." "ಹೇಳದೆ?" ಎಂದರು. ಟಿಟ್ಟಿಭಕ್ಕೆ ಅಂದು ಬೇರೆ ಎಲ್ಲೋ ಕೆಲಸವಿದ್ದಿರಬೇಕು, ಸದ್ದಿರಲಿಲ್ಲ. ಗೋಣಿತಾಟು ಹಾಸಿ ತೆವಳಿದೆ. ಹತ್ತು ಮಾರು, ಎಂಟು, ಆರು. ಅಷ್ಟು ಹತ್ತಿರಕ್ಕೆ ಎಂದೂ ಹೋಗಿರಲಿಲ್ಲ. ಬೆನ್ನಿನ ಒಂದೊಂದು ಗರಿಗೂ ಕಾವಿಯ ಅಂಚು ಕಟ್ಟಿತ್ತು. ಒತ್ತಿದೆ.

ಆ ಚಿತ್ರವನ್ನು ಅಮ್ಮನಿಗೆ ತೋರಿಸಿದೆ. ಬಹಳ ಹೊತ್ತು ನೋಡಿ, "ಇದರಲ್ಲಿ ಹಕ್ಕಿ ಇದೆ" ಎಂದಳು. ಆಮೇಲೆ, "ಮುಖ ಯಾಕೆ ಆ ಕಡೆ ಮಾಡಿದೆ?" ಎಂದಳು.

ನಾನು ಚಿತ್ರವನ್ನು ತಿರುಗಿಸಿ, ನೆರಳು ನೋಡಿ, ಕೆರೆಯ ದಿಕ್ಕು ಲೆಕ್ಕ ಹಾಕಿದೆ. ಅದು ಉತ್ತರಕ್ಕೆ ನೋಡುತ್ತಿತ್ತು.