ಖಾಲಿ ಕಂಡ ಮಾತ್ರಕ್ಕೆ 3ನೇ ಚಾನೆಲ್ ಖಾಲಿ ಅಲ್ಲ

ನಿನ್ನೆ ಸಂಜೆ ಮಗಳ ಆನ್‌ಲೈನ್ ಕ್ಲಾಸ್ ಮೂರು ಸಲ ನಿಂತುಹೋಯಿತು. ರೌಟರ್ ಪಕ್ಕದ ಕೋಣೆಯಲ್ಲೇ ಇದೆ, ಸಿಗ್ನಲ್ ಕಡ್ಡಿಗಳು ಪೂರ್ತಿ ಇವೆ. ಆದರೂ ಟೀಚರ್ ಮುಖ ಚೌಕ ಚೌಕವಾಗಿ ಒಡೆಯುತ್ತಿತ್ತು, ಮಾತು ಅರ್ಧಕ್ಕೇ ನುಂಗಿಹೋಗುತ್ತಿತ್ತು. ನನ್ನ ಕೆಲಸ ಏನು ಅಂತ ನಿಮಗೆಲ್ಲ ಗೊತ್ತು. ದಿನವೆಲ್ಲ ಬೇರೆಯವರ ನೆಟ್‌ವರ್ಕ್ ಸರಿಮಾಡಿ ಮನೆಗೆ ಬಂದರೆ ಇದು. ಸಿಟ್ಟು ನೆತ್ತಿಗೇರಿತು.

ಮೊಬೈಲಲ್ಲಿ ವೈಫೈ ಸ್ಕ್ಯಾನ್ ಮಾಡುವ ಆ್ಯಪ್ ತೆರೆದೆ. 2.4 ಗಿಗಾಹರ್ಟ್ಸ್ ಬ್ಯಾಂಡಿನಲ್ಲಿ, ಅಂದರೆ ವೈಫೈ ಬಳಸುವ ರೇಡಿಯೋ ತರಂಗಗಳ ಒಂದು ಪಟ್ಟಿಯಲ್ಲಿ, ಅಕ್ಕಪಕ್ಕದ ರೌಟರುಗಳೆಲ್ಲ ಗುಡ್ಡಗಳ ಹಾಗೆ ಕಾಣುತ್ತವೆ. ಆ ಪಟ್ಟಿಯಲ್ಲಿ ನಂಬರ್ ಹಾಕಿದ ಜಾಗಗಳೇ ಚಾನೆಲ್ಲುಗಳು. 1ನೇ ಚಾನೆಲ್ಲಿನಲ್ಲಿ ನಮ್ಮದು, ಇನ್ನೊಬ್ಬರದು. 6ರಲ್ಲಿ ನಾಲ್ಕು, 11ರಲ್ಲಿ ಮೂರು. 1 ಮತ್ತು 6ರ ಮಧ್ಯೆ, ಸರಿಯಾಗಿ 3ರ ಮೇಲೆ, ಒಂಟಿಯಾಗಿ ಒಂದು. ಅದರ ಸಿಗ್ನಲ್ ಬಲ ಮೈನಸ್ 65 ಡಿಬಿಎಂ (ಈ ಅಳತೆಯಲ್ಲಿ ಸೊನ್ನೆಗೆ ಹತ್ತಿರ ಬಂದಷ್ಟೂ ಬಲ ಜಾಸ್ತಿ). ಗೋಡೆ ದಾಟಿ ಬಂದೂ ಇಷ್ಟು ಬಲ! ಒಂದು ಕಾಲು ನಮ್ಮ ಗುಡ್ಡದ ಮೇಲೆ, ಇನ್ನೊಂದು 6ರವರ ಅಂಚಿನ ಮೇಲೆ.

ಹೋಗಿ ಪಕ್ಕದ ಮನೆ ಬಾಗಿಲು ತಟ್ಟಿದೆ. "ಅಲ್ಲಿ ಯಾರೂ ಇರಲಿಲ್ಲಮ್ಮ, ಯಾರಿಗೂ ತೊಂದರೆ ಆಗಬಾರದು ಅಂತಲೇ 3 ಹಾಕಿದೆ" ಅಂದರು ಅಂಕಲ್.

ನನಗೆ ಸಂಕಟ ಆಗೋದು ಇಲ್ಲೇ. ಯಾರೂ ಕೆಟ್ಟ ಮನಸ್ಸಿನಿಂದ ಇದನ್ನು ಮಾಡುವುದಿಲ್ಲ. ರೌಟರಿನ ಸೆಟ್ಟಿಂಗ್ಸ್ ಪುಟದಲ್ಲಿ 1, 2, 3 ಅಂತ ಸಾಲಾಗಿ ಕೊಟ್ಟಿರುತ್ತಾರೆ. ಅದನ್ನು ನೋಡಿದವರು ಒಂದೊಂದು ನಂಬರೂ ಬೇರೆ ಬೇರೆ ಕೋಣೆ ಅಂದುಕೊಳ್ಳದೆ ಇನ್ನೇನು ಅಂದುಕೊಳ್ಳಬೇಕು? ಆದರೆ ಒಂದು ನಂಬರಿಗೂ ಮುಂದಿನದಕ್ಕೂ ಇರುವ ದೂರ ಬರೀ 5 ಮೆಗಾಹರ್ಟ್ಸ್. ರೌಟರ್ ಕೂರುವುದಕ್ಕೆ ಬೇಕಾದ ಜಾಗ 20. ಅಂದರೆ 3 ಹಾಕಿದವರು 1ರ ಅರ್ಧ ಜಾಗದ ಮೇಲೂ ಕೂತಿರುತ್ತಾರೆ, 6ರ ಕಾಲು ಭಾಗದ ಮೇಲೂ ಕೂತಿರುತ್ತಾರೆ. 1, 6, 11 ಅಂತ ನಾವು ಬಡಕೊಳ್ಳೋದು ಇದಕ್ಕೇ. ಈ ಮೂರು ಒಂದಕ್ಕೊಂದು ತಾಗುವುದಿಲ್ಲ.

"ಈಗಾಗಲೇ ಜನ ತುಂಬಿರೋ ಚಾನೆಲ್ಲಿಗೆ ನಾನೂ ಹೋದರೆ ಇನ್ನೂ ನಿಧಾನ ಆಗಲ್ವಾ?" ಇದನ್ನು ಎಷ್ಟು ಜನ ಕೇಳಿದ್ದಾರೋ! ಸ್ವಲ್ಪ ಆಗುತ್ತೆ, ನಿಜ. ಆದರೆ ಒಂದೇ ಚಾನೆಲ್ಲಿನಲ್ಲಿರುವ ರೌಟರುಗಳಿಗೆ ಒಬ್ಬರ ಮಾತು ಇನ್ನೊಬ್ಬರಿಗೆ ಅರ್ಥವಾಗುತ್ತೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಕಾಯುತ್ತಾರೆ, ಮುಗಿದ ಮೇಲೆ ತಮ್ಮದು ಶುರುಮಾಡುತ್ತಾರೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲ್ಲಿನ ಮಾತು ಹಾಗಲ್ಲ, ಅದು ಬರೀ ಗಲಾಟೆ. ಆ ಗಲಾಟೆ ತುಂಬ ಜೋರಾಗಿ ಇಲ್ಲದಿದ್ದರೆ ರೌಟರ್ ಅದಕ್ಕೆ ಕಾಯುವುದೇ ಇಲ್ಲ, ಅದರ ಮೇಲೇ ಮಾತಾಡುತ್ತೆ. ಕಳಿಸಿದ್ದು ಕೆಟ್ಟುಹೋಗುತ್ತೆ, ತಲುಪಿತು ಅನ್ನುವ ಉತ್ತರ ಬರುವುದಿಲ್ಲ, ಮತ್ತೆ ಕಳಿಸಬೇಕು, ಮತ್ತೆ ಕೆಡುತ್ತೆ. ಸಿಗ್ನಲ್ ಪೂರ್ತಿ ಇದ್ದೂ ಟೀಚರ್ ಮುಖ ಒಡೆದಿದ್ದು ಹೀಗೆ.

ಒಂದು ಮಾತು ಹೇಳಿಬಿಡ್ತೀನಿ. ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಮನೆಯ 2.4 ಅನ್ನು 40 ಮೆಗಾಹರ್ಟ್ಸ್ ಅಗಲಕ್ಕೆ ಹಾಕಿದ್ದೆ. ಸ್ಪೀಡ್ ಟೆಸ್ಟಲ್ಲಿ ನಂಬರ್ ಜಾಸ್ತಿ ಬಂತು, ಖುಷಿಪಟ್ಟೆ. ಆ ಬ್ಯಾಂಡಿನಲ್ಲಿ ಇರುವ ಜಾಗವೇ ಸುಮಾರು 80. ಅರ್ಧ ನಾನೊಬ್ಬಳೇ ಹಿಡಿದು ತಿಂಗಳುಗಟ್ಟಲೆ ಕೂತಿದ್ದೆ. ಆಗ ಯಾವ ಮನೆಯ ಮಗುವಿನ ಕ್ಲಾಸ್ ನಿಂತಿತ್ತೋ ಅಂತ ನಿನ್ನೆ ರಾತ್ರಿ ಮಲಗಿದಾಗ ಅನಿಸಿತು. ದಯವಿಟ್ಟು 2.4ರಲ್ಲಿ 20 ಸಾಕು.

ಚಾನೆಲ್ ಆರಿಸೋಕೆ ಆಟೋ ಸೆಟ್ಟಿಂಗ್ ಇದೆಯಲ್ಲ, ರೌಟರೇ ನೋಡಿಕೊಳ್ಳುತ್ತೆ ಅನ್ನುವವರಿದ್ದೀರಿ. ಎಷ್ಟೋ ರೌಟರುಗಳು ಆನ್ ಮಾಡಿದಾಗ ಒಂದು ಸಲ ಸುತ್ತ ನೋಡಿ ಸುಮ್ನೆ ಕೂತುಬಿಡುತ್ತವೆ. ಬೆಳಿಗ್ಗೆ ಹನ್ನೊಂದಕ್ಕೆ ಖಾಲಿ ಇದ್ದದ್ದು ರಾತ್ರಿ ಎಂಟಕ್ಕೂ ಖಾಲಿ ಇರುತ್ತಾ? ಮೇಲಾಗಿ ಆಟೋನೇ 4, 8 ಅಂತ ಆರಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನು ವೈಫೈಯ ಇನ್ನೊಂದು ಬ್ಯಾಂಡ್ ಆದ 5 ಗಿಗಾಹರ್ಟ್ಸ್‌ಗೆ ಹೋಗಿ ಅನ್ನೋದು ಒಳ್ಳೆಯ ಮಾತೇ. ಗೋಡೆ ದಾಟುವಾಗ ಅದು ಸೊರಗುತ್ತೆ, ಪಕ್ಕದವರ ಕಾಟ ಅಲ್ಲಿ ಕಡಿಮೆ ಆಗೋದು ಅದರಿಂದಲೂ ಹೌದು. ಟಿವಿ, ಮೊಬೈಲ್ ಎಲ್ಲ ಅಲ್ಲಿಗೆ ಹಾಕಿ. ಆದರೆ ಮಗಳ ಹಳೇ ಲ್ಯಾಪ್‌ಟಾಪಿಗೆ 5 ಹಿಡಿಯುವುದೇ ಇಲ್ಲ. ಅಂಥವು ಎಷ್ಟು ಮನೆಗಳಲ್ಲಿವೆ!

"ನಮ್ಮ ಜೊತೆ 1ಕ್ಕೇ ಬಂದುಬಿಡಿ ಅಂಕಲ್" ಅಂದೆ. "ನಿನ್ನ ಚಾನೆಲ್ಲಿಗೇ ಬಾ ಅಂತೀಯಲ್ಲಮ್ಮ!" ಅಂತ ಅವರಿಗೆ ಆಶ್ಚರ್ಯ. ರೌಟರ್ ತಿರುಗಿಸಿ ತಳದ ಚೀಟಿಯಲ್ಲಿದ್ದ ಪಾಸ್‌ವರ್ಡ್ ಓದಿ ಹೇಳಿದರು, ನಾನು ಒತ್ತಿದೆ. 3 ಹೋಗಿ 1 ಆಯಿತು. ಎರಡು ನಿಮಿಷದ ಕೆಲಸ.

ಇವತ್ತು ಕ್ಲಾಸ್ ಒಂದು ಸಲವೂ ನಿಲ್ಲಲಿಲ್ಲ. ಪದೇ ಪದೇ ಕಟ್ ಆಗುತ್ತಿದ್ದ ಅವರ ಬಾಗಿಲ ಕ್ಯಾಮೆರಾನೂ ಈಗ ಸರಿಯಾಗಿ ಬರ್ತಿದೆಯಂತೆ. ಸಂಜೆ ಮತ್ತೆ ಸ್ಕ್ಯಾನ್ ಮಾಡಿದೆ, ಮೇಲಿನ ಮನೆಯವರದು ಹೊಸದಾಗಿ 8ರಲ್ಲಿ ಕಾಣ್ತಿದೆ. ಭಾನುವಾರ ಅವರು ಮನೆಯಲ್ಲಿರ್ತಾರೆ, ಹೋಗಿ ಮಾತಾಡ್ತೀನಿ.